ಪಾಸ್ಟರ್ ತಪ್ಪು ಮಾಡಿದಾಗ ಸಭೆಯ ಮುಂದೆ ಮಾತಾಡಬೇಕಾದವರು ಯಾರು?

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ಸಭೆಯಲ್ಲಿ ಸಂಡೇ ಸ್ಕೂಲ್ ಕಲಿಸುತ್ತೇನೆ. ಬಹಳ ವರ್ಷ ನಮ್ಮನ್ನು ನಡೆಸಿದ ಪಾಸ್ಟರ್ ಕಳೆದ ತಿಂಗಳು ಇದ್ದಕ್ಕಿದ್ದಂತೆ ಸಭೆ ಬಿಟ್ಟುಹೋದರು. ಹಿರಿಯರು ‘ವೈಯಕ್ತಿಕ ಕಾರಣ’ ಎಂದಷ್ಟೇ ಹೇಳಿದ್ದಾರೆ. ಅವರ ಬಳಿ ಕೌನ್ಸೆಲಿಂಗಿಗೆ ಹೋಗುತ್ತಿದ್ದ ಒಬ್ಬ ಮಹಿಳೆಯ ವಿಷಯ ಎಂದು ಊರೆಲ್ಲ ಮಾತು. ಅವರು ಬಂದು ಎಲ್ಲರ ಮುಂದೆ ನಿಂತು ಪಾಪ ಅರಿಕೆ ಮಾಡಲಿ ಎಂದು ಅರ್ಧ ಜನ ಹೇಳುತ್ತಾರೆ. ಪ್ರೀತಿ ಬಹು ಪಾಪಗಳನ್ನು ಮುಚ್ಚುತ್ತದೆ, ಹೊರಗಿನವರ ಎದುರು ಸಭೆಯ ಮಾನ ಕಳೆಯುವುದು ಬೇಡ ಎಂದು ಉಳಿದವರು. ಸಭಾನಾಯಕರು ತಮ್ಮ ನೈತಿಕ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕೆ?

ಉತ್ತರ: ಹುದ್ದೆಯನ್ನು ಬಳಸಿಕೊಂಡು ಮಾಡಿದ ತಪ್ಪಾದರೆ ಅದು ಸಭೆಗೆ ತಿಳಿಯಲೇಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ಸಭೆಗೆ ತಿಳಿಸಬೇಕಾದವರು ಆ ಪಾಸ್ಟರ್ ಅಲ್ಲ, ಮೊದಲು ಉತ್ತರ ಕೇಳಬೇಕಾದವರು ಸಭೆಯವರೂ ಅಲ್ಲ. ನಿಮ್ಮಲ್ಲಿ ಎರಡೂ ಕಡೆಯವರು ಪಾಸ್ಟರ್ ಒಬ್ಬರನ್ನೇ ನೋಡುತ್ತಿದ್ದಾರೆ: ಅವರನ್ನು ನಿಲ್ಲಿಸಿ ಹೇಳಿಸುವುದೋ, ಸುಮ್ಮನೆ ಬಿಟ್ಟುಬಿಡುವುದೋ ಎಂದು. ಆ ಮಹಿಳೆ ಈಗ ಹೇಗಿದ್ದಾರೆ, ಭಾನುವಾರ ಆರಾಧನೆಗೆ ಬರುತ್ತಿದ್ದಾರೆಯೇ, ಹಿರಿಯರಲ್ಲಿ ಯಾರಾದರೂ ಅವರೊಂದಿಗೆ ಕೂತು ಮಾತಾಡಿದ್ದಾರೆಯೇ ಎನ್ನುವ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ನಿಮ್ಮನ್ನು ಆಕ್ಷೇಪಿಸಲು ಇದನ್ನು ಹೇಳುತ್ತಿಲ್ಲ. ಸಭಾ ಚರಿತ್ರೆ, ಪಾಲನಾ ಸೇವೆಯ ನೀತಿ ಕಲಿಸುವ ನನ್ನಂಥವರಿಗೆ ಬರುವ ಪತ್ರಗಳು ಹೆಚ್ಚಾಗಿ ಹೀಗೇ ಇರುತ್ತವೆ. ಸಭೆಗಳ ಕಣ್ಣು ಮೊದಲು ವೇದಿಕೆಯ ಕಡೆಗೇ ಹೋಗುತ್ತದೆ.

ಅದರ ಫಲ ಏನೆಂದು ಎರಡು ಘಟನೆಗಳಲ್ಲಿ ಹತ್ತಿರದಿಂದ ನೋಡಿ.

2018ರ ಜನವರಿ 7, ಭಾನುವಾರ. ಅಮೆರಿಕದ ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಹೈಪಾಯಿಂಟ್ ಚರ್ಚ್ ಎಂಬ ದೊಡ್ಡ ಸಭೆ. ಅಲ್ಲಿನ ಪಾಸ್ಟರ್ ಆ್ಯಂಡಿ ಸ್ಯಾವೇಜ್ ವೇದಿಕೆಗೆ ಬಂದು, ಇಪ್ಪತ್ತು ವರ್ಷದ ಹಿಂದೆ ಟೆಕ್ಸಸ್‌ನಲ್ಲಿ ಯುವಜನರ ಪಾಸ್ಟರ್ ಆಗಿದ್ದಾಗ ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿಯೊಂದಿಗೆ ‘ಒಂದು ಲೈಂಗಿಕ ಘಟನೆ’ ನಡೆದಿತ್ತೆಂದು ಹೇಳಿ ಕ್ಷಮೆ ಕೇಳಿದರು. ಆಗ ಅವರ ವಯಸ್ಸು 22, ಆಕೆಯದು 17. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ವಿಡಿಯೋವನ್ನು ಆಕೆಯೂ ನೋಡಿದರು. ಆಕೆ ಹಿಂದಿನ ತಿಂಗಳು ಅವರಿಗೆ ಇಮೇಲ್ ಬರೆದು, ಆ ರಾತ್ರಿ ನೆನಪಿದೆಯೇ ಎಂದು ಕೇಳಿದ್ದರು. ಉತ್ತರ ಬರಲಿಲ್ಲ. ಆಮೇಲೆ ತನಗೆ ಆದದ್ದನ್ನು ತಾನೇ ಬರೆದು ಪ್ರಕಟಿಸಿದರು. ಎರಡು ದಿನ ಕಳೆದು ಪಾಸ್ಟರ್ ವೇದಿಕೆ ಹತ್ತಿದರು. 1998ರಲ್ಲಿಯೇ ಆಕೆ ಆ ಟೆಕ್ಸಸ್ ಸಭೆಯ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದ್ದರು. ವಿಷಯ ಪೊಲೀಸರವರೆಗೆ ಹೋಗಲಿಲ್ಲ, ಸಭೆಗೂ ಹೇಳಲಿಲ್ಲ. ಸ್ಯಾವೇಜ್ ಅವರಿಗೆ ಬೀಳ್ಕೊಡುಗೆ ಸಮಾರಂಭ ಮಾತ್ರ ಆಯಿತು.

2018ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಡುವಾಗ ಸ್ಯಾವೇಜ್ ಬೇರೆಯೇ ಮಾತಾಡಿದರು. ಅದು ಅಧಿಕಾರದ ದುರುಪಯೋಗ ಎಂದು ಒಪ್ಪಿದರು. ಆಕೆ ನ್ಯಾಯ ಕೇಳಿದಾಗ ತಾನು ಮಾತನ್ನು ತನ್ನ ಬದಲಾವಣೆಯ ಕಥೆಯ ಕಡೆಗೆ ತಿರುಗಿಸಿಬಿಟ್ಟೆ ಎಂದರು. ನನ್ನ ಮಟ್ಟಿಗೆ ಇದೇ ನಿಜವಾದ ಅರಿಕೆ. ಜನವರಿಯದು ಸಾಕ್ಷಿ ಹೇಳುವ ಕೂಟದ ಮಾತು: ಹೀಗಿದ್ದೆ, ದೇವರು ಹೀಗೆ ಮಾಡಿದ.

ಎರಡನೆಯದು ಇಂಡಿಯಾನಾ ರಾಜ್ಯದ ವಾರ್ಸಾ ಎಂಬ ಊರಿನದು, 2022ರ ಮೇ ತಿಂಗಳಿನದು. ಜಾನ್ ಲೋ ಎಂಬ ಪಾಸ್ಟರ್ ತನ್ನ ಸಭೆಯ ಮುಂದೆ ನಿಂತು, ಸುಮಾರು ಇಪ್ಪತ್ತು ವರ್ಷದ ಹಿಂದೆ ತಾನು ವ್ಯಭಿಚಾರ ಮಾಡಿದ್ದೆನೆಂದು ಹೇಳಿ ಸೇವೆಯಿಂದ ಹಿಂದೆ ಸರಿಯುವುದಾಗಿ ತಿಳಿಸಿದರು. ಅವರ ಮಾತು ಮುಗಿಯಿತು. ಸಭೆಯೊಳಗಿಂದ ಒಬ್ಬ ಮಹಿಳೆ ಗಂಡನ ಜೊತೆ ಎದ್ದು ಬಂದು ಮೈಕ್ ತೆಗೆದುಕೊಂಡರು. ಇಪ್ಪತ್ತಲ್ಲ, ಇಪ್ಪತ್ತೇಳು ವರ್ಷ ಎಂದರು. ಆಗ ತನಗೆ ಹದಿನಾರು, ಈತ ತನ್ನ ಪಾಸ್ಟರ್ ಎಂದರು. ಪಾಸ್ಟರ್ ಮತ್ತೆ ಮೈಕಿಗೆ ಬಂದು ಅದು ಶುರುವಾದಾಗ ಆಕೆಗೆ ಹದಿನಾರು ಎಂದು ಒಪ್ಪಬೇಕಾಯಿತು. ಅಷ್ಟೆಲ್ಲ ಕೇಳಿದ ಮೇಲೂ ಸಭೆಯ ಕೆಲವರು ಪಾಸ್ಟರನ್ನೇ ಸುತ್ತುವರಿದು, ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು.

ಬಹಿರಂಗವಾಗಿ ಒಪ್ಪಿಕೊಳ್ಳಬೇಕು ಎಂಬುದಷ್ಟೇ ಅಳತೆಗೋಲಾದರೆ ಈ ಇಬ್ಬರೂ ಅದರಲ್ಲಿ ಗೆದ್ದವರು. ಆದರೆ ಯಾವ ದಿನ ಹೇಳುವುದು, ಯಾವ ಪದ ಬಳಸುವುದು, ಯಾವುದನ್ನು ಬಿಡುವುದು ಎಂಬುದನ್ನೆಲ್ಲ ತಪ್ಪು ಮಾಡಿದವರೇ ತೀರ್ಮಾನಿಸಿದರು. ಲೋ ಅವರ ಮಾತಿನಲ್ಲಿ ಹುಡುಗಿಯ ವಯಸ್ಸು ಬಿಟ್ಟುಹೋಯಿತು. ತಾನು ಆಕೆಯ ಪಾಸ್ಟರ್ ಆಗಿದ್ದೆ ಎಂಬುದು ಬಿಟ್ಟುಹೋಯಿತು. ಯಾವ ಮಾತಿನ ಶಕ್ತಿಯಿಂದ ಜನರ ವಿಶ್ವಾಸ ಗಳಿಸಿದ್ದರೋ ಅದೇ ಶಕ್ತಿಯಿಂದ, ಅದೇ ಜಾಗದಿಂದ, ಅದೇ ಜನರ ಕಣ್ಣೀರು ಗಳಿಸಿದರು. ಪ್ರಸಂಗ ಮಾಡಿ ಪಳಗಿದ ನಾಲಿಗೆಗೆ ಇದು ಕಷ್ಟವೇನಲ್ಲ. ಅಳುವುದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅತ್ತವರು ನಿಜವಾಗಿಯೇ ಅತ್ತಿರಬಹುದು. ಆದರೂ ಆ ಅಳು ನೋಡಿದ ಸಭೆಗೆ ಆಮೇಲೆ ಪ್ರಶ್ನೆ ಕೇಳುವ ಶಕ್ತಿ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಮುಖವೂ ಇದೆ, ಹಿರಿಯರು ಅದನ್ನು ಮೊದಲೇ ತಿಳಿದಿರಬೇಕು. ತಪ್ಪು 18 ವರ್ಷದೊಳಗಿನ ಮಗುವಿನ ಮೇಲೆ ಆಗಿದ್ದರೆ ಸಭೆಯ ಮುಂದೆ ಅರಿಕೆ ಮಾಡಿಸುವುದೋ ಬಿಡುವುದೋ ಎಂಬ ಚರ್ಚೆಗೆ ಜಾಗವೇ ಇಲ್ಲ. 2012ರ ಪೋಕ್ಸೋ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದೆ ಇರುವುದು 21ನೆಯ ಸೆಕ್ಷನ್ ಪ್ರಕಾರ ಶಿಕ್ಷಾರ್ಹ ಅಪರಾಧ. ‘ಸಭೆಯೊಳಗೇ ಸರಿಮಾಡಿಕೊಂಡೆವು’ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ವಯಸ್ಕ ಮಹಿಳೆಯ ವಿಷಯದಲ್ಲೂ ‘ಇಬ್ಬರೂ ಒಪ್ಪಿಯೇ ಮಾಡಿದ್ದು’ ಎಂದು ಕೈತೊಳೆದುಕೊಳ್ಳುವ ಮೊದಲು ನಿಲ್ಲಬೇಕು. ಅಧಿಕಾರದ ಅಥವಾ ನಂಬಿಕೆಯ ಸ್ಥಾನದಲ್ಲಿ ಇರುವವನು ಆ ಸ್ಥಾನವನ್ನು ದುರುಪಯೋಗ ಮಾಡಿ ತನ್ನ ಸುಪರ್ದಿಯಲ್ಲಿರುವ ಮಹಿಳೆಯನ್ನು ಲೈಂಗಿಕ ಸಂಪರ್ಕಕ್ಕೆ ಪ್ರೇರೇಪಿಸಿದರೆ, ಅದು ಅತ್ಯಾಚಾರದ ವ್ಯಾಖ್ಯೆಗೆ ಬಾರದಿದ್ದರೂ, ಭಾರತೀಯ ನ್ಯಾಯ ಸಂಹಿತೆಯ 68ನೆಯ ಸೆಕ್ಷನ್ ಅದನ್ನು ಅಪರಾಧವೆನ್ನುತ್ತದೆ. ಐದರಿಂದ ಹತ್ತು ವರ್ಷದ ಶಿಕ್ಷೆ ಇದೆ. ನಿಮ್ಮಲ್ಲಿ ನಡೆದದ್ದು ಅದರೊಳಗೆ ಬರುತ್ತದೆಯೇ ಎಂದು ನಾನು ಹೇಳಲಾರೆ. ಆ ಮಹಿಳೆ ಇಷ್ಟಪಟ್ಟರೆ ವಕೀಲರ ಬಳಿ ಹೋಗಲು ಸಭೆ ಸಹಾಯ ಮಾಡಬೇಕು. ಅವರು ಸಭೆಯ ಅಥವಾ ಸಭೆಯ ಶಾಲೆಯ ಕೆಲಸಗಾರರಾಗಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯೂ ಅನ್ವಯಿಸಬಹುದು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಜಾಗವಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಇನ್ನೊಂದು ಮಾತು: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದನ್ನು ಅದೇ ಸಂಹಿತೆಯ 72ನೆಯ ಸೆಕ್ಷನ್ ನಿಷೇಧಿಸುತ್ತದೆ. ಚಿಕ್ಕ ಊರಿನಲ್ಲಿ ಪಾಸ್ಟರ್ ಮೈಕ್ ಹಿಡಿದು ‘ನನ್ನ ಬಳಿ ಪ್ರಾರ್ಥನೆಗೆ ಬರುತ್ತಿದ್ದ ಒಬ್ಬ ಸಹೋದರಿ’ ಎಂದರೆ ಸಾಕು, ಹೆಸರು ಹೇಳಿದಂತೆಯೇ. ಅವರು ಹಗುರಾಗಿ ಮನೆಗೆ ಹೋಗುತ್ತಾರೆ, ಆಕೆ ಅಂಗಡಿಗೆ ಹೋಗಲಾರದಂತಾಗುತ್ತದೆ.

ಆದಿ ಸಭೆಯಲ್ಲಿ ಎಲ್ಲರೂ ಎಲ್ಲರ ಮುಂದೆ ಪಾಪ ಅರಿಕೆ ಮಾಡುತ್ತಿದ್ದರಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಮಾಡುತ್ತಿದ್ದರು, ನಿಜ. ಮೂರನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕಾದ ತೆರ್ತುಲಿಯನ್ ಅದನ್ನು ವರ್ಣಿಸಿದ್ದಾನೆ: ಗೋಣಿತಟ್ಟು, ಬೂದಿ, ಉಪವಾಸ, ಹಿರಿಯರ ಕಾಲಿಗೆ ಬೀಳುವುದು. ಆದರೆ ಕಾಲ ಕಳೆದಂತೆ ಸಭೆಯೇ ಇದರ ಅಪಾಯ ಕಂಡುಕೊಂಡಿತು. 459ರಲ್ಲಿ ರೋಮಿನ ಬಿಷಪ್ ಒಂದನೆಯ ಲಿಯೋ ಇಟಲಿಯ ಕೆಲವು ಪ್ರಾಂತ್ಯಗಳ ಬಿಷಪರಿಗೆ ಪತ್ರ ಬರೆದು, ಜನರ ಪಾಪಗಳನ್ನು ಪಟ್ಟಿ ಮಾಡಿ ಸಭೆಯಲ್ಲಿ ಓದಿಸುವುದನ್ನು ನಿಲ್ಲಿಸಿ ಎಂದು ಕಟ್ಟುನಿಟ್ಟಾಗಿ ಹೇಳಿದ. ಪಾದ್ರಿಗೆ ಗುಟ್ಟಾಗಿ ಹೇಳಿದರೆ ಸಾಕು, ಎಲ್ಲರೆದುರು ಹೇಳಿಸಿದರೆ ನಾಚಿಕೆಯಿಂದಲೋ ಕಾನೂನಿನ ಭಯದಿಂದಲೋ ಜನ ಪಶ್ಚಾತ್ತಾಪದಿಂದಲೇ ದೂರ ಉಳಿಯುತ್ತಾರೆ ಎಂಬುದು ಅವನ ಕಾರಣ. ಸಾಮಾನ್ಯ ವಿಶ್ವಾಸಿಗಳ ಮಟ್ಟಿಗೆ ಅದು ಕರುಣೆಯ ತೀರ್ಮಾನವೆಂದೇ ನನ್ನ ಭಾವನೆ.

ನಾಯಕರಿಗೆ ಇದ್ದ ನಿಯಮ ಬೇರೆ, ಇಂದು ಅದನ್ನು ಮರೆತಿದ್ದೇವೆ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಒಟ್ಟುಗೂಡಿದ ‘ಅಪೊಸ್ತಲರ ನಿಯಮಾವಳಿ’ಯ 25ನೆಯ ನಿಯಮ ಹೀಗಿದೆ: ಬಿಷಪನಾಗಲಿ ಪಾದ್ರಿಯಾಗಲಿ ಸಭಾಸೇವಕನಾಗಲಿ ವ್ಯಭಿಚಾರ, ಸುಳ್ಳು ಪ್ರಮಾಣ ಅಥವಾ ಕಳ್ಳತನದಲ್ಲಿ ಸಿಕ್ಕಿಬಿದ್ದರೆ ಅವನನ್ನು ಹುದ್ದೆಯಿಂದ ತೆಗೆಯಬೇಕು, ಆದರೆ ಸಭೆಯಿಂದ ಬಹಿಷ್ಕರಿಸಬಾರದು, ಒಂದೇ ತಪ್ಪಿಗೆ ಎರಡು ಶಿಕ್ಷೆ ಬೇಡ. ಅಂದರೆ ಬೂದಿ ಬಳಿದು ನಿಲ್ಲಿಸುತ್ತಿರಲಿಲ್ಲ, ಅಳಿಸುತ್ತಿರಲಿಲ್ಲ. ಹುದ್ದೆ ಮಾತ್ರ ಹೋಗುತ್ತಿತ್ತು, ಅದು ಹೋದದ್ದು ಎಲ್ಲರಿಗೂ ಕಾಣುತ್ತಿತ್ತು. ನಿನ್ನೆಯವರೆಗೆ ರೊಟ್ಟಿ ಮುರಿದು ಕೊಟ್ಟವನು ಇಂದು ಸಾಲಿನಲ್ಲಿ ನಿಂತು ರೊಟ್ಟಿ ತೆಗೆದುಕೊಳ್ಳುವವನಾಗುತ್ತಿದ್ದ. ನಾವು ಇದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ: ಅರಿಕೆ ಜೋರಾಗಿ ಮಾಡಿಸುತ್ತೇವೆ, ಹುದ್ದೆಯನ್ನು ಆರು ತಿಂಗಳ ನಂತರ ಹಿಂದಿರುಗಿಸುತ್ತೇವೆ.

ಬಹಿರಂಗ ಅರಿಕೆ ಯಾರ ತಲೆಯ ಮೇಲೆ ಬೀಳುತ್ತ ಬಂದಿದೆ ಎಂಬುದನ್ನೂ ಗಮನಿಸಿ. ಸ್ಕಾಟ್ಲೆಂಡಿನ ಸಭೆಗಳಲ್ಲಿ ಶತಮಾನಗಳ ಕಾಲ ‘ಪಶ್ಚಾತ್ತಾಪದ ಮಣೆ’ ಎಂಬ ಎತ್ತರದ ಆಸನ ಇರುತ್ತಿತ್ತು. ತಪ್ಪು ಮಾಡಿದವರು ಆರಾಧನೆಯ ಹೊತ್ತಿನಲ್ಲಿ ಎಲ್ಲರಿಗೂ ಕಾಣುವಂತೆ ಅದರ ಮೇಲೆ ಕೂರಬೇಕಿತ್ತು. ಬಸುರಾದ ಹೆಣ್ಣು ತಪ್ಪಿಸಿಕೊಳ್ಳುವಂತಿರಲಿಲ್ಲ, ಗಂಡಸು ಅಲ್ಲಗಳೆದು ಪಾರಾಗಬಹುದಿತ್ತು. ನಮ್ಮ ಬಾಸೆಲ್ ಮಿಶನ್ ಕಾಲದ ಸಭೆಗಳಲ್ಲೂ ಶಿಸ್ತು ಬಿಗಿಯಾಗಿತ್ತು, ಕರ್ತನ ಭೋಜನದಿಂದ ದೂರ ಇಡುವುದು ನಡೆದೇ ಇತ್ತು. ಇಂದಿಗೂ ಜಾತಿ ಬಿಟ್ಟು, ಸಭೆ ಬಿಟ್ಟು ಮದುವೆಯಾದ ಹುಡುಗ ಹುಡುಗಿಯನ್ನು ನಿಲ್ಲಿಸಿ ಕ್ಷಮೆ ಕೇಳಿಸುವ ಹಿರಿಯರು ಪಾಸ್ಟರ್ ವಿಷಯ ಬಂದಾಗ ‘ವೈಯಕ್ತಿಕ ಕಾರಣ’ ಎಂದು ಪಿಸುಗುಟ್ಟುತ್ತಾರೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯ ಇದಕ್ಕೆ ನೇರ ವಿರುದ್ಧ. ಹಿರಿಯನ ಮೇಲೆ ಎರಡು ಮೂರು ಸಾಕ್ಷಿಗಳಿಲ್ಲದೆ ದೂರು ತೆಗೆದುಕೊಳ್ಳಬೇಡ ಎನ್ನುತ್ತದೆ, ಅದು ನಾಯಕನಿಗೆ ರಕ್ಷಣೆ. ಮರುವಾಕ್ಯದಲ್ಲೇ, ಪಾಪದಲ್ಲಿ ನಡೆಯುವವರನ್ನು ಎಲ್ಲರ ಮುಂದೆ ಗದರಿಸು ಎನ್ನುತ್ತದೆ. ಗದರಿಸುವವನು ತಿಮೊಥೆಯ, ಸಭೆಯ ಹೊಣೆ ಹೊತ್ತವನು. ತಪ್ಪು ಮಾಡಿದವನ ಕೈಗೆ ಮಾತು ಕೊಡು ಎಂದು ಅಲ್ಲಿಲ್ಲ.

‘ಪ್ರೀತಿ ಬಹು ಪಾಪಗಳನ್ನು ಮುಚ್ಚುತ್ತದೆ’ ಎನ್ನುವವರಿಗೆ ಆ ಮಾತಿರುವ ಪೇತ್ರನ ಮೊದಲ ಪತ್ರದ ನಾಲ್ಕನೆಯ ಅಧ್ಯಾಯವನ್ನೇ ಸ್ವಲ್ಪ ಮುಂದೆ ಓದಲು ಹೇಳಿ. ಎಂಟನೆಯ ವಚನದಲ್ಲಿ ಪ್ರೀತಿಯ ಮಾತಿದೆ, ಹದಿನೇಳನೆಯ ವಚನದಲ್ಲಿ ನ್ಯಾಯವಿಚಾರಣೆ ದೇವರ ಮನೆಯಿಂದಲೇ ಆರಂಭವಾಗಬೇಕು ಎಂದಿದೆ. ಮುಂದಿನ ಅಧ್ಯಾಯ ಶುರುವಾಗುವುದೇ ಹಿರಿಯರು ಮಂದೆಯ ಮೇಲೆ ದೊರೆತನ ಮಾಡಬಾರದು ಎಂಬ ಎಚ್ಚರಿಕೆಯಿಂದ. ತನಗೆ ಆದ ನೋವನ್ನು ಪ್ರೀತಿಯಿಂದ ಮುಚ್ಚುವ ಹಕ್ಕು ನೊಂದವರಿಗಿದೆ. ಬೇರೆಯವರ ನೋವನ್ನು ಅವರ ಪರವಾಗಿ ಮುಚ್ಚಿಬಿಡುವ ಹಕ್ಕು ಕಮಿಟಿಗೆ ಎಲ್ಲಿಂದ ಬಂತು?

ಐವತ್ತೊಂದನೆಯ ಕೀರ್ತನೆಯನ್ನೂ ಇಲ್ಲಿ ಎಳೆದು ತರುತ್ತಾರೆ. ‘ನಿನಗೆ, ನಿನಗೊಬ್ಬನಿಗೇ ತಪ್ಪು ಮಾಡಿದ್ದೇನೆ’ ಎಂದು ಅರಸ ದಾವೀದ ದೇವರಿಗೆ ಹೇಳಿದನಲ್ಲ, ಹಾಗಾದರೆ ಇದು ಪಾಸ್ಟರ್ ಮತ್ತು ದೇವರ ನಡುವಿನ ವಿಷಯ ಎಂದು. ಆದರೆ ಬತ್ಷೆಬೆಯ ಗಂಡ ಊರೀಯ ದಾವೀದನ ಸಂಚಿನಿಂದ ಸತ್ತುಬಿದ್ದಿದ್ದ. ಬತ್ಷೆಬೆಯನ್ನು ಅರಸನ ಆಳುಗಳು ಕರೆತಂದಿದ್ದರು. ಆ ಕೀರ್ತನೆಗೆ ಮೊದಲು ನಾತಾನ್ ಪ್ರವಾದಿ ಅರಮನೆಗೆ ಬಂದು ‘ಆ ಮನುಷ್ಯನು ನೀನೇ’ ಎಂದು ಮುಖಕ್ಕೆ ಹೇಳಿದ್ದ, ಗುಟ್ಟಾಗಿ ಮಾಡಿದ್ದಕ್ಕೆ ಹಗಲು ಬೆಳಕಿನಲ್ಲಿ ಫಲ ಕಾಣುತ್ತದೆ ಎಂದೂ ಹೇಳಿದ್ದ. ಅರಸನ ಪಾಪವನ್ನು ಅರಸನೇ ಬರೆಸಿಕೊಂಡ ಬಗೆಯಲ್ಲಿ ಸತ್ಯವೇದ ದಾಖಲಿಸಿಲ್ಲ. ಸೈನ್ಯಾಧಿಪತಿಗೆ ಬರೆದ ಪತ್ರದಿಂದ ಹಿಡಿದು ಎಲ್ಲ ವಿವರ ಅಲ್ಲಿದೆ. ಇನ್ನು ಸತ್ಯವೇದದ ಅರಣ್ಯಕಾಂಡದ ಐದನೆಯ ಅಧ್ಯಾಯದ ವಿಧಿಯನ್ನು ಪ್ರಸಂಗಗಳಲ್ಲಿ ನಾನು ಕೇಳಿದ್ದೇ ಕಡಿಮೆ: ತಪ್ಪು ಮಾಡಿದವರು ಅದನ್ನು ಅರಿಕೆ ಮಾಡಬೇಕು, ನಷ್ಟವನ್ನು ಪೂರ್ತಿ ಕಟ್ಟಿಕೊಡಬೇಕು, ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಿ, ಯಾರಿಗೆ ತಪ್ಪು ಮಾಡಿದರೋ ಅವರಿಗೇ ಕೊಡಬೇಕು. ಅರಿಕೆ, ಪರಿಹಾರ, ಮೇಲೊಂದು ಪಾಲು, ಅದೂ ನೊಂದವರ ಕೈಗೆ. ನಿಮ್ಮ ಊರಿನ ವಿಷಯದಲ್ಲಿ ಇದರ ಅರ್ಥ, ಆ ಮಹಿಳೆಗೆ ಬೇಕಾದಷ್ಟು ಕಾಲ ಒಳ್ಳೆಯ ಆಪ್ತಸಲಹೆಗಾರರ ಖರ್ಚು, ಹಾಸನಕ್ಕೋ ಬೆಂಗಳೂರಿಗೋ ಹೋಗಿಬರುವ ಬಸ್ ಚಾರ್ಜು, ಕೆಲಸ ಕಳೆದುಕೊಂಡಿದ್ದರೆ ಅದರ ನಷ್ಟ. ಸಭೆಯ ಖಾತೆಯಿಂದ ಮೊದಲು ಕೊಟ್ಟು ಆಮೇಲೆ ಪಾಸ್ಟರಿಂದ ವಸೂಲಿ ಮಾಡಿಕೊಳ್ಳಲಿ.

ಹಾಗಾದರೆ ಸಭೆಗೆ ಹೇಳುವುದು ಹೇಗೆ? ಇಂಥ ಪ್ರಕಟಣೆಯ ಕರಡು ನೋಡಿಕೊಡಿ ಎಂದು ಹಿರಿಯರು ತಂದಾಗ ಅದರಲ್ಲಿ ಸಾಮಾನ್ಯವಾಗಿ ಇರುವುದು: ‘ನಮ್ಮ ಪ್ರಿಯ ದೇವಸೇವಕರು ಶೋಧನೆಗೆ ಒಳಗಾಗಿ ಬಲಹೀನತೆಯಲ್ಲಿ ಬಿದ್ದುಹೋದರು. ಸೈತಾನನು ಸಭೆಯನ್ನು ಒಡೆಯಲು ನೋಡುತ್ತಿದ್ದಾನೆ. ಅವರ ಕುಟುಂಬಕ್ಕಾಗಿ ಪ್ರಾರ್ಥಿಸಿರಿ.’ ಇದರಲ್ಲಿ ಯಾರೂ ಯಾರಿಗೂ ಏನೂ ಮಾಡಿಲ್ಲ. ಬಿದ್ದವರು ಒಬ್ಬರು, ಬೀಳಿಸಿದವನು ಸೈತಾನ. ನಾನು ಸೂಚಿಸುವುದು ಹೆಚ್ಚುಕಡಿಮೆ ಹೀಗೆ:

‘ನಮ್ಮ ಸಭಾಪಾಲಕರಾಗಿದ್ದ ಇಂಥವರು, ತಮ್ಮ ಪಾಲನೆಯಲ್ಲಿದ್ದ ಸದಸ್ಯರೊಬ್ಬರ ವಿಷಯದಲ್ಲಿ ಹುದ್ದೆಯನ್ನು ದುರುಪಯೋಗ ಮಾಡಿ ಲೈಂಗಿಕವಾಗಿ ತಪ್ಪಾಗಿ ನಡೆದುಕೊಂಡಿದ್ದಾರೆ. ಅವರು ಅದನ್ನು ನಮ್ಮ ಮುಂದೆ ಒಪ್ಪಿಕೊಂಡಿದ್ದಾರೆ. ತಪ್ಪು ಅವರದು, ಆ ಸದಸ್ಯರದಲ್ಲ. ಇಂಥ ದಿನದಿಂದ ಅವರನ್ನು ಸೇವೆಯಿಂದ ತೆಗೆದಿದ್ದೇವೆ. ವೈಯಕ್ತಿಕ ಕಾರಣ ಎಂದು ನಾವು ನಿಮಗೆ ಹೇಳಿದ್ದು ಸರಿಯಲ್ಲ, ಅದಕ್ಕೆ ಕ್ಷಮೆ ಕೇಳುತ್ತೇವೆ. ಬೇರೆ ಯಾರಿಗಾದರೂ ಇಂಥ ಅನುಭವ ಆಗಿದ್ದರೆ ಸಭೆಗೆ ಸೇರದ ಈ ವ್ಯಕ್ತಿಗೆ ತಿಳಿಸಬಹುದು. ಆ ಸದಸ್ಯರು ಯಾರೆಂದು ಊಹಿಸಬೇಡಿ, ವಿಚಾರಿಸಬೇಡಿ.’

ಇದನ್ನು ಓದಬೇಕಾದವರು ಹಿರಿಯರು, ಅಥವಾ ಮೇಲಿನ ಆಡಳಿತ ಇದ್ದರೆ ಅಲ್ಲಿಂದ ಬಂದವರು. ಓದುವುದಕ್ಕೆ ಮೊದಲು ಒಂದೊಂದು ಸಾಲನ್ನೂ ಆ ಮಹಿಳೆಗೆ ತೋರಿಸಬೇಕು. ಅವರು ತೆಗೆಯಿರಿ ಎಂದ ಸಾಲು ಹೋಗಬೇಕು. ಏನೂ ಹೇಳಬೇಡಿ ಎಂದರೆ ‘ಹುದ್ದೆಯ ದುರುಪಯೋಗದ ಕಾರಣಕ್ಕೆ ತೆಗೆದಿದ್ದೇವೆ’ ಎಂಬಷ್ಟಕ್ಕೆ ನಿಲ್ಲಿಸಬೇಕು. ಪಾಸ್ಟರ್ ಅಲ್ಲಿರುವ ಅಗತ್ಯವಿಲ್ಲ. ಅವರ ಹೆಂಡತಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುವುದಂತೂ ಕೂಡದು. ಅಮೆರಿಕದ ಇಂಥ ವಿಡಿಯೋಗಳಲ್ಲಿ ಗಂಡನ ಪಕ್ಕ ನಿಂತ ಹೆಂಗಸಿನ ಮುಖ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮಲ್ಲಿ ಆಕೆಗೆ ಇನ್ನೊಂದು ಕಷ್ಟ: ಹುದ್ದೆ ಹೋದರೆ ಸಭೆ ಕೊಟ್ಟ ಮನೆಯೂ ಹೋಗುತ್ತದೆ. ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗೆ ಅವರಿಗೆ ಇರಲು ಜಾಗ ಕೊಡಿ.

ಪಾಸ್ಟರ್ ಅರಿಕೆ ಮಾಡುವುದೇ ಬೇಡವೇ? ಬೇಕು. ದೇವರ ಮುಂದೆ, ಹಿರಿಯರ ಮುಂದೆ, ಹೆಂಡತಿಯ ಮುಂದೆ, ಏನನ್ನೂ ಬಚ್ಚಿಡದೆ. ನೊಂದವರಿಗೆ ಪತ್ರ ಬರೆಯಬಹುದು, ಆದರೆ ಅದನ್ನು ಹಿರಿಯರ ಕೈಯಲ್ಲಿಡಬೇಕು. ಆಕೆ ಓದಲು ಬಯಸಿದ ದಿನ ಕೊಡಲಿ, ಬಯಸದಿದ್ದರೆ ಕೊಡುವುದೇ ಬೇಡ. ಕ್ಷಮೆ ಕೇಳುತ್ತೇನೆಂದು ಅವರ ಮನೆ ಬಾಗಿಲಿಗೆ ಹೋಗುವುದನ್ನು ದಯವಿಟ್ಟು ತಡೆಯಿರಿ.

ಕ್ಷಮೆ ಮತ್ತು ಹುದ್ದೆ ಬೇರೆ ಬೇರೆ ಎಂಬುದನ್ನು ಸಭೆಗೆ ಬಿಡಿಸಿ ಹೇಳದಿದ್ದರೆ ಏನಾಗುತ್ತದೆ ಎನ್ನಲು ಜಿಮ್ಮಿ ಸ್ವಾಗರ್ಟ್ ಸಾಕು. ಲೂಯಿಸಿಯಾನಾದ ಬ್ಯಾಟನ್ ರೂಜ್‌ನ ಈ ಟಿವಿ ಪ್ರಸಂಗಿ 1988ರ ಫೆಬ್ರವರಿ 21ರಂದು ಕಣ್ಣೀರು ಸುರಿಸುತ್ತ ‘ನಾನು ಪಾಪ ಮಾಡಿದ್ದೇನೆ’ ಎಂದದ್ದನ್ನು ಜಗತ್ತೇ ನೋಡಿತು. ಏನು ಮಾಡಿದ್ದೆ ಎಂದು ಮಾತ್ರ ಹೇಳಲಿಲ್ಲ. ಅದಕ್ಕೆ ಮೊದಲು ಮಾರ್ವಿನ್ ಗಾರ್ಮನ್ ಎಂಬ ಇನ್ನೊಬ್ಬ ಪ್ರಸಂಗಿಯ ವ್ಯಭಿಚಾರವನ್ನು ಬಯಲಿಗೆಳೆದವರು ಇದೇ ಸ್ವಾಗರ್ಟ್, ವೇಶ್ಯೆಯೊಂದಿಗಿನ ಅವರ ಒಡನಾಟದ ಫೋಟೊಗಳನ್ನು ಸಭಾಮುಖ್ಯಸ್ಥರ ಮುಂದಿಟ್ಟವರು ಅದೇ ಗಾರ್ಮನ್. ಅಸೆಂಬ್ಲೀಸ್ ಆಫ್ ಗಾಡ್ ಸಂಸ್ಥೆ ಒಂದು ವರ್ಷ ಪ್ರಸಂಗ ಮಾಡಬಾರದು ಎಂದಿತು. ಅವರು ಒಪ್ಪಲಿಲ್ಲ, ಸಂಸ್ಥೆ ಅವರನ್ನು ಪದಚ್ಯುತಗೊಳಿಸಿತು, ಮೇ ತಿಂಗಳಲ್ಲಿ ಅವರು ತಮ್ಮದೇ ವೇದಿಕೆಗೆ ಮರಳಿದರು. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ವೇಶ್ಯೆಯೊಂದಿಗೆ ಸಿಕ್ಕಿಬಿದ್ದಾಗ, ಇದು ನಿಮಗೆ ಸಂಬಂಧಪಟ್ಟದ್ದಲ್ಲ ಎಂದು ಕರ್ತನು ಹೇಳಿದ್ದಾನೆಂದು ಸಭೆಗೆ ಹೇಳಿದರು. ಮೊದಲ ಬಾರಿಯ ಕಣ್ಣೀರಿನ ಬದಲು ಆ ಒಂದು ವರ್ಷದ ಮೌನವನ್ನು ಒಪ್ಪಿಕೊಂಡಿದ್ದರೆ ಅವರಿಗೇ ಒಳ್ಳೆಯದಾಗುತ್ತಿತ್ತು.

ಇನ್ನು ಹೊರಗಿನವರ ಮುಂದೆ ಮಾನ ಹೋಗುವ ಭಯ. ನಮ್ಮ ರಾಜ್ಯದಲ್ಲಿ ಚಿಕ್ಕ ಸಭೆಗಳು ಎಷ್ಟು ಅಂಜಿಕೆಯಲ್ಲಿ ಕೂಡಿಬರುತ್ತವೆ ಎಂಬುದು ನನಗೆ ಗೊತ್ತು, ಈ ಭಯವನ್ನು ಹಗುರಾಗಿ ನೋಡುವುದಿಲ್ಲ. ಆದರೂ ರವಿ ಜಕರಾಯಸ್ ಅವರ ಕಥೆ ನೋಡಿ. ಮದ್ರಾಸಿನಲ್ಲಿ ಹುಟ್ಟಿ, ಕ್ರೈಸ್ತ ವಿಶ್ವಾಸದ ಪರವಾಗಿ ವಾದಿಸುವುದರಲ್ಲಿ ಜಗತ್ತಿನಲ್ಲೇ ಹೆಸರಾದವರು, ಭಾರತದಲ್ಲೂ ಅವರಿಗೆ ಅಪಾರ ಓದುಗರು. 2017ರಲ್ಲಿ ಒಬ್ಬ ಮಹಿಳೆಯ ದೂರು ಬಂದಾಗ ವಿಷಯ ಯಾರೂ ಬಾಯಿಬಿಡಬಾರದೆಂಬ ಒಪ್ಪಂದದಲ್ಲಿ ಮುಗಿಯಿತು, ಅವರು ಕಟ್ಟಿದ ಸಂಸ್ಥೆ ಅವರ ಪರ ನಿಂತಿತು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು, ಗೌರವದ ಮಹಾಪೂರವೇ ಹರಿಯಿತು. 2021ರ ಫೆಬ್ರವರಿಯಲ್ಲಿ ಸಂಸ್ಥೆಯೇ ನೇಮಿಸಿದ ವಕೀಲರ ವರದಿ ಹೊರಬಂದಾಗ, ಮಸಾಜ್ ಕೆಲಸದ ಮಹಿಳೆಯರ ಮೇಲೆ ಅವರು ವರ್ಷಗಳ ಕಾಲ ನಡೆಸಿದ ಲೈಂಗಿಕ ದೌರ್ಜನ್ಯ ಬಯಲಾಯಿತು. 2017ರಲ್ಲಿ ದೂರಿದವರನ್ನು ನಂಬದೆ ತಪ್ಪು ಮಾಡಿದೆವು ಎಂದು ಮಂಡಳಿ ಆಗ ಕ್ಷಮೆ ಕೇಳಿತು. ಮಾನ ಉಳಿಸಲು ಮುಚ್ಚಿಟ್ಟದ್ದರಿಂದ ಸಂಸ್ಥೆಯೇ ಉಳಿಯಲಿಲ್ಲ.

ಅಧಿಕಾರದಲ್ಲಿರುವವರು ತಪ್ಪು ಒಪ್ಪಿಕೊಂಡ ಕ್ರಮ ಹೆಚ್ಚುಕಡಿಮೆ ಸರಿಯಾಗಿದ್ದದ್ದೂ ಉಂಟು. 2018ರ ಜನವರಿಯಲ್ಲಿ ಚಿಲಿ ದೇಶಕ್ಕೆ ಹೋಗಿದ್ದ ಪೋಪ್ ಫ್ರಾನ್ಸಿಸ್, ಬಿಷಪ್ ಹುವಾನ್ ಬಾರೋಸ್ ಮೇಲಿನ ಆರೋಪಗಳೆಲ್ಲ ಅಪನಿಂದೆ ಎಂದುಬಿಟ್ಟರು. ಪಾದ್ರಿಯೊಬ್ಬನ ದೌರ್ಜನ್ಯವನ್ನು ಬಾರೋಸ್ ಕಂಡೂ ಕಾಣದಂತಿದ್ದರು ಎಂಬುದು ಆರೋಪ, ಬಾರೋಸ್ ಅದನ್ನು ಅಲ್ಲಗಳೆಯುತ್ತಿದ್ದರು. ನೊಂದವರು ಸಿಟ್ಟಾದರು. ಪೋಪ್ ಇಬ್ಬರು ತನಿಖಾಧಿಕಾರಿಗಳನ್ನು ಕಳಿಸಿದರು, 64 ಜನರ ಹೇಳಿಕೆಗಳು ಸೇರಿ 2,300 ಪುಟಗಳ ವರದಿ ಬಂತು. ಅದನ್ನು ಓದಿದ ಮೇಲೆ ಏಪ್ರಿಲ್‌ನಲ್ಲಿ, ತಾನು ಗಂಭೀರ ತಪ್ಪು ಮಾಡಿದೆ ಎಂದು ಬಹಿರಂಗ ಪತ್ರ ಬರೆದರು. ನೊಂದ ಮೂವರನ್ನು ರೋಮಿನ ತಮ್ಮ ವಸತಿಗೇ ಕರೆಸಿಕೊಂಡು ಮಾತಾಡಿ ಮುಖತಃ ಕ್ಷಮೆ ಕೇಳಿದರು. ಮೇ ತಿಂಗಳಲ್ಲಿ ಚಿಲಿಯ ಬಿಷಪರೆಲ್ಲ ರಾಜೀನಾಮೆ ಒಪ್ಪಿಸಿದರು, ಜೂನ್‌ನಲ್ಲಿ ಬಾರೋಸ್ ಅವರದು ಅಂಗೀಕಾರವಾಯಿತು. ಕೇಳಿಸಿಕೊಂಡದ್ದು ಮೊದಲು, ಹೇಳಿದ್ದು ಆಮೇಲೆ, ಹುದ್ದೆಗಳು ನಿಜವಾಗಿಯೇ ಹೋದವು. ಇದರ ಪಕ್ಕದಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಜಸ್ಟಿನ್ ವೆಲ್ಬಿ ಅವರನ್ನಿಡಿ. ಜಾನ್ ಸ್ಮೈತ್ ಎಂಬಾತ ನೂರಕ್ಕೂ ಹೆಚ್ಚು ಹುಡುಗರ ಮೇಲೆ ನಡೆಸಿದ ಹಿಂಸೆಯ ಬಗ್ಗೆ 2013ರಲ್ಲಿ ತಿಳಿದ ಮೇಲೂ ಸರಿಯಾಗಿ ಬೆನ್ನುಹತ್ತಲಿಲ್ಲ ಎಂಬ ವರದಿಯ ನಂತರ 2024ರ ನವೆಂಬರ್‌ನಲ್ಲಿ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲ್ಮನೆಯಲ್ಲಿ ಅದೇ ವಿಷಯಕ್ಕೆ ನಗೆಯ ಮಾತು ಸೇರಿಸಿ, 1381ರಲ್ಲಿ ತಲೆ ಕಳೆದುಕೊಂಡ ಹಿಂದಿನ ಆರ್ಚ್‌ಬಿಷಪರನ್ನು ನೆನೆದರು. ನೊಂದವರಿಗೆ ಅದು ಮತ್ತೊಂದು ಪೆಟ್ಟಾಯಿತು. ಮರುದಿನವೇ ಮತ್ತೆ ಕ್ಷಮೆ ಕೇಳಬೇಕಾಯಿತು.

ಆರೋಪ ಅಲ್ಲಗಳೆಯುವವರಿಂದ ಅರಿಕೆ ಹೊರಡಿಸಲು ಹೋಗಬೇಡಿ. ಆಸ್ಟ್ರೇಲಿಯಾದ ಕಾರ್ಡಿನಲ್ ಜಾರ್ಜ್ ಪೆಲ್ ಕೆಳ ನ್ಯಾಯಾಲಯದಲ್ಲಿ ಅಪರಾಧಿಯೆನಿಸಿ ಜೈಲಿಗೆ ಹೋದರು, 2020ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಏಳೂ ನ್ಯಾಯಮೂರ್ತಿಗಳು ಆ ತೀರ್ಪನ್ನು ರದ್ದು ಮಾಡಿದರು. ಅಲ್ಲಗಳೆದಾಗ ಬೇಕಾದದ್ದು ಹೊರಗಿನವರ ವಿಚಾರಣೆ ಮತ್ತು ಅದರ ಫಲವನ್ನು ಜನರಿಗೆ ತಿಳಿಸುವ ಪ್ರಾಮಾಣಿಕತೆ. ನಮ್ಮದೇ ಮೈಸೂರು ಧರ್ಮಕ್ಷೇತ್ರದಲ್ಲಿ 2019ರಲ್ಲಿ 37 ಪಾದ್ರಿಗಳು ತಮ್ಮ ಬಿಷಪರ ಮೇಲೆ ಗಂಭೀರ ಆರೋಪ ಮಾಡಿದರು, ಬಿಷಪರು ಎಲ್ಲವನ್ನೂ ಅಲ್ಲಗಳೆದರು. 2023ರ ಜನವರಿಯಲ್ಲಿ ಅವರನ್ನು ಆಡಳಿತದಿಂದ ದೂರ ಇರಿಸಲಾಯಿತು, 2025ರ ಜನವರಿಯಲ್ಲಿ ರಾಜೀನಾಮೆ ಅಂಗೀಕಾರವಾಯಿತು. ಈ ಆರು ವರ್ಷಗಳಲ್ಲಿ ಸಾಮಾನ್ಯ ವಿಶ್ವಾಸಿಗಳು ವಿಷಯ ತಿಳಿದುಕೊಂಡದ್ದು ಪತ್ರಿಕೆಗಳಿಂದ. ತಪ್ಪಿದ್ದರೆ ಏನು ತಪ್ಪು, ಇಲ್ಲದಿದ್ದರೆ ಇಲ್ಲವೆಂದು ಬಾಯಿಬಿಟ್ಟು ಹೇಳುವುದು ಆ ಬಿಷಪರಿಗೂ ನ್ಯಾಯ, ಬೆಂಚುಗಳ ಮೇಲೆ ಕೂತು ಪ್ರಾರ್ಥಿಸುವ ಜನರಿಗೂ ನ್ಯಾಯ.

ಎಲ್ಲ ತಪ್ಪನ್ನೂ ಊರ ಮುಂದೆ ಹೇಳಬೇಕೆಂದು ಇದರ ಅರ್ಥವಲ್ಲ. ಪಾಸ್ಟರ್‌ಗೆ ಮನಸ್ಸಿನಲ್ಲಿ ಕೆಟ್ಟ ಆಸೆ ಬಂತು, ಮನೆಯಲ್ಲಿ ಸಿಟ್ಟಾಗಿ ಕೂಗಾಡಿದರು, ಕುಡಿತದ ಚಟದಿಂದ ಹೊರಬರಲು ಹೆಣಗುತ್ತಿದ್ದಾರೆ ಎಂದರೆ ಅವರಿಗೆ ಒಬ್ಬ ಹಿರಿಯರು, ಒಬ್ಬ ವೈದ್ಯರು, ಸ್ವಲ್ಪ ರಜೆ ಬೇಕು. ಕೂಗಾಟ ಹೊಡೆತಕ್ಕೆ ತಿರುಗಿದ್ದರೆ, ಸಭೆಯ ದುಡ್ಡು ಮುಟ್ಟಿದ್ದರೆ, ತಮ್ಮನ್ನು ನಂಬಿ ಬಂದವರನ್ನು ಬಳಸಿಕೊಂಡಿದ್ದರೆ ಅದು ಖಾಸಗಿಯಾಗಿ ಉಳಿಯುವುದಿಲ್ಲ.

ನೀವು ಸಂಡೇ ಸ್ಕೂಲ್ ಕಲಿಸುವವರು. ಅಯ್ಯನವರು ಎಲ್ಲಿಗೆ ಹೋದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ‘ಅವರು ದೊಡ್ಡವರೊಬ್ಬರಿಗೆ ನೋವಾಗುವ ತಪ್ಪು ಮಾಡಿದರು, ಅದಕ್ಕೆ ಈಗ ಪಾಸ್ಟರ್ ಅಲ್ಲ. ಯಾವ ದೊಡ್ಡವರಾದರೂ, ಪಾಸ್ಟರ್ ಆದರೂ, ನಿಮಗೆ ಬೇಡವಾದ ಹಾಗೆ ನಡೆದುಕೊಂಡರೆ ನನಗೋ ಅಮ್ಮನಿಗೋ ಹೇಳಬೇಕು’ ಎಂದು ಹೇಳಿ. ಆಮೇಲೆ ನಿಮ್ಮ ಜೊತೆ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಹಿರಿಯರ ಬಳಿ ಹೋಗಿ. ಆ ಮಹಿಳೆಯನ್ನು ಯಾರು ಭೇಟಿಯಾಗಿದ್ದಾರೆ, ಅವರಿಗೆ ಏನು ಬೇಕಾಗಿದೆ ಎಂದು ಕೇಳಿ. ಇನ್ನೊಂದನ್ನು ತಪ್ಪದೆ ಕೇಳಿ: ಪಾಸ್ಟರ್ ಈಗ ಎಲ್ಲಿದ್ದಾರೆ, ಬೇರೆ ಊರಿನಲ್ಲಿ ಸೇವೆಗೆ ಸೇರಿದ್ದಾರೆಯೇ, ಹೋಗುವಾಗ ನಮ್ಮ ಸಭೆಯ ಲೆಟರ್‌ಹೆಡ್ಡಿನಲ್ಲಿ ಒಳ್ಳೆಯ ನಡತೆಯ ಪತ್ರ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಅದನ್ನು ಹಿಂದಕ್ಕೆ ಪಡೆಯಲಿ, ಅವರು ಸೇರಿದ ಸಭೆಯ ಹಿರಿಯರಿಗೆ ಆಕೆಯ ಗುರುತು ಬಿಟ್ಟುಕೊಡದೆ ಕಾರಣವನ್ನು ಬರೆದು ಈ ವಾರವೇ ತಿಳಿಸಲಿ.